ಒಂದು ತುತ್ತಿನ ಎರಡು ಹೆಸರು

ಪ್ರೀತಿಯ ತಮ್ಮ,

ನಿನ್ನ ಕತೆ ಹೋದ ವಾರವೇ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ಮಧ್ಯಾಹ್ನದ ಊಟ ಮುಗಿಸಿ ಓದಲು ಕೂತದ್ದು ನನ್ನ ತಪ್ಪು. ಮೂರನೆಯ ಪುಟದಿಂದ ಆರನೆಯ ಪುಟದವರೆಗೆ ನೀನು ಆ ಮುದುಕನ ಚರ್ಮ ಸುಲಿಯುತ್ತಲೇ ಇದ್ದೆ, ಉಂಡದ್ದೆಲ್ಲ ಗಂಟಲಿಗೆ ಬಂತು. ಎರಡನೆಯ ಸಲ ಬೆಳಗಿನ ಕಾಫಿಗೆ ಮೊದಲು ಓದಿದೆ. ಆಗ ಕತೆ ಕಾಣಿಸಿತು. ಒಳ್ಳೆಯ ಕತೆಯೇ ಇದೆ ಅದರಲ್ಲಿ, ಆದರೆ ನೀನು ಹುಡುಕುತ್ತಿರುವ ಜಾಗದಲ್ಲಿಲ್ಲ.

ಕಾಗದದ ಕೊನೆಗೆ ಕೇಳಿದ್ದೀಯ: "ಮಿಯರೊಫಗಿಯಾ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಲಿ ಅಕ್ಕಾ? ಆ ಪದ ಸಿಕ್ಕ ದಿನ ನಿದ್ದೆ ಬರಲಿಲ್ಲ." ಗ್ರೀಕ್ ಪದ ಅದು, ಮೈಗೆ ಕಲೆ ಹತ್ತಿಸುವಂಥದ್ದನ್ನು ತಿನ್ನುವುದು ಎಂದರ್ಥ; ರಾಜ ಬಲವಂತ ಮಾಡಿದರೂ ಹಂದಿಮಾಂಸ ಒಲ್ಲೆನೆಂದ ನಿನ್ನ ಯಹೂದಿ ಮುದುಕನ ಹಳೆಯ ಕತೆಯಲ್ಲಿ ಬರುತ್ತದೆ. ನಿದ್ದೆ ಕೆಡಿಸುವ ಪದ ಸಿಗುವುದು ಪುಣ್ಯ. ಸಿಕ್ಕ ಮೇಲೆ ಅದನ್ನು ಹಣೆಗೆ ಅಂಟಿಸಿಕೊಂಡು ತಿರುಗಬಾರದು, ಅಷ್ಟೆ. ನಿನ್ನ ಕತೆಯಲ್ಲಿ ಅದು ಹನ್ನೊಂದು ಸಲ ಬಂದಿದೆ. ಎಣಿಸಿದ್ದೇನೆ.

ಮೊದಲು ಉಚ್ಚಾರ. ಆ 'ಫ'ವನ್ನು ಫ್ಯಾನು, ಫೋನುಗಳ ಹಾಗೆ ಹಲ್ಲುಕಚ್ಚಿ ಹೇಳಬೇಡ. ಹಳೆಯ ಗ್ರೀಕರ ಆ ಅಕ್ಷರ ಪಕಾರದ ಮಹಾಪ್ರಾಣವೇ ಆಗಿತ್ತು. ನಮ್ಮ ವರ್ಣಮಾಲೆಯಲ್ಲಿ ಯಾರೂ ಸರಿಯಾಗಿ ಉಚ್ಚರಿಸದ 'ಫ' ಇದೆಯಲ್ಲ, ಅದಕ್ಕೆ ಇಲ್ಲೊಂದು ಕೆಲಸ ಸಿಕ್ಕಿದೆ. 'ಫಗೆಯ್ನ್' ಅಂದರೆ ತಿನ್ನುವುದು. 'ಮಿಯರೊಸ್' ಅಂದರೆ ಏನು ಎಂಬಲ್ಲಿಗೆ ಬಂದರೆ, ನೀನು ನಿಘಂಟಿನ ಮೊದಲ ಅರ್ಥ ಎತ್ತಿಕೊಂಡು 'ಅಶುದ್ಧ' ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಅಲ್ಲೇ ಒಂದು ಗಳಿಗೆ ಕೂರಬೇಕಿತ್ತು.

ಇಲಿಯಡ್‌ನ 4ನೆಯ ಸರ್ಗದಲ್ಲಿ ಗ್ರೀಕ್ ವೀರ ಮೆನೆಲಾವೋಸನಿಗೆ ಬಾಣ ತಾಗುತ್ತದೆ. ತೊಡೆಯಿಂದ ಹಿಮ್ಮಡಿಯವರೆಗೆ ರಕ್ತ ಇಳಿಯುತ್ತದೆ. ಹೋಮರ್ ಅದನ್ನು ಯಾವುದಕ್ಕೆ ಹೋಲಿಸುತ್ತಾನೆ ಗೊತ್ತೆ? ಮೆಯೋನಿಯಾದವಳೋ ಕಾರಿಯಾದವಳೋ ಒಬ್ಬ ಹೆಂಗಸು ಆನೆದಂತಕ್ಕೆ ಕೆಂಬಣ್ಣ ಹಾಕುತ್ತಿದ್ದಾಳೆ, ಕುದುರೆಯ ಕೆನ್ನೆಗೆ ಕಟ್ಟುವ ಆಭರಣಕ್ಕಾಗಿ. ಅವಳು ಬಣ್ಣ ಹಾಕುವುದಕ್ಕೂ ರಕ್ತ ಮೆತ್ತುವುದಕ್ಕೂ ಒಂದೇ ಕ್ರಿಯಾಪದ, 'ಮಿಯಾಯ್ನೋ'. ಮಿಯರೊಸ್ ಅದರ ಒಡಹುಟ್ಟು, ಹತ್ತಿಕೊಂಡ ಕಳಂಕ ಎನ್ನುವ ಮಿಯಾಸ್ಮ ಕೂಡ. ಅಂದರೆ ಪದದ ಬುಡದಲ್ಲಿರುವುದು ಕೊಳಕಲ್ಲ, ಹತ್ತಿಕೊಂಡ ಬಣ್ಣ. ನಮ್ಮಲ್ಲಿ 'ಕಲೆ' ಎಂಬ ಒಂದೇ ಸದ್ದಿನಲ್ಲಿ ಬಟ್ಟೆಗೆ ಹತ್ತಿದ ಕರೆಯೂ ಇದೆ, ಶಿಲ್ಪಿಯ ಕೈಯೂ ಇದೆ. ನಮ್ಮವು ಬೇರೆ ಬೇರೆ ಬೇರಿನ ಪದಗಳು, ಆಕಸ್ಮಿಕವಾಗಿ ಒಂದಾದವು. ಅವರದು ಆಕಸ್ಮಿಕವಲ್ಲ. ಅದೇ ಕಾವ್ಯದ ಕೊನೆಯ ಸರ್ಗದಲ್ಲಿ ಹೆಕ್ಟೋರನ ಹೆಣದ ವಿಷಯ ಹೇಳುತ್ತ ಹೆರ್ಮಿಸ್ ದೇವತೆ ಮುದಿ ತಂದೆಗೆ ಸಮಾಧಾನ ಹೇಳುತ್ತಾನೆ: ರಕ್ತವೆಲ್ಲ ತೊಳೆದುಹೋಗಿದೆ, ಎಲ್ಲೂ 'ಮಿಯರೊಸ್' ಆಗಿಲ್ಲ. ಮಗನ ಮೈಮೇಲೆ ಕಲೆಯಿಲ್ಲ ಎಂದು ಅಪ್ಪನಿಗೆ ಹೇಳುವ ಮಾತು ಅದು.

ಮುಂದೆ ಈ ಪದ ಬೀದಿಗೆ ಬಿತ್ತು. ಕ್ರಿ.ಪೂ. 421ರಲ್ಲಿ ಅಥೆನ್ಸಿನಲ್ಲಿ ಆಡಿದ 'ಶಾಂತಿ' ಎಂಬ ನಾಟಕದಲ್ಲಿ ಅರಿಸ್ಟೋಫನೀಸನ ರೈತನೊಬ್ಬ ಸಗಣಿಹುಳದ ಬೆನ್ನೇರಿ ಸ್ವರ್ಗಕ್ಕೆ ಹೋಗುತ್ತಾನೆ. ಬಾಗಿಲಲ್ಲಿ ಇದೇ ಹೆರ್ಮಿಸ್. ಎಲವೋ ಮಿಯರೊಸ್, ಕಡು ಮಿಯರೊಸ್, ಮಿಯರೊಸ್‌ಗಳಲ್ಲೆಲ್ಲ ಮಿಯರೊಸ್ ಎಂದು ಬಾಯಿತುಂಬ ಬೈಯುತ್ತಾನೆ. ಹೆಸರೇನು ಎಂದರೆ ರೈತ ಹೇಳುವುದು: ಮಹಾಮಿಯರೊಸ್. ಎಲ್ಲಿಯವನು? ಮಹಾಮಿಯರೊಸ್. ಅಪ್ಪ ಯಾರು? ಮಹಾಮಿಯರೊಸ್. ಆಮೇಲೆ ನಿನಗೇ ಅಂತ ಮಾಂಸ ತಂದಿದ್ದೇನೆ ಅನ್ನುತ್ತಾನೆ, ದೇವರು ಮೆತ್ತಗಾಗುತ್ತಾನೆ. ಹೋಮರನಲ್ಲಿ ಕಣ್ಣೀರು ತರಿಸಿದ ಪದ ಮುನ್ನೂರು ಚಿಲ್ಲರೆ ವರ್ಷಗಳಲ್ಲಿ 'ಥೂ ಹಲ್ಕಾ' ಆಯಿತು. ಪದಗಳಿಗೂ ಮನೆತನ ಹಾಳಾಗುವುದುಂಟು.

ಈಗ ಹಂದಿಯ ವಿಷಯ. ಕತೆಗೆ ಮುಖ್ಯವಾದದ್ದು ಇದು, ನೀನು ಪೂರ್ತಿ ಬಿಟ್ಟಿರುವುದೂ ಇದೇ. ಗ್ರೀಕರಿಗೆ ಹಂದಿಮರಿ ಕೊಳಕು ಪ್ರಾಣಿಯಲ್ಲ, ಕೊಳೆ ತೊಳೆಯುವ ಪ್ರಾಣಿ. ಕೊಲೆಯ ಮಿಯಾಸ್ಮ ಹತ್ತಿದವನ ಮೇಲೆ ಹಂದಿಮರಿಯ ರಕ್ತ ಹರಿಸಿ ಶುದ್ಧಿ ಮಾಡುತ್ತಿದ್ದರು. ತಾಯಿಯನ್ನು ಕೊಂದ ಒರೆಸ್ಟಿಸ್ ತಾನು ಹಾಗೆಯೇ ಶುದ್ಧನಾದೆ ಎಂದು ಈಸ್ಕಿಲಸನ ನಾಟಕದಲ್ಲಿ ಹೇಳಿಕೊಳ್ಳುತ್ತಾನೆ. ಎಲ್ಯೂಸಿಸ್‌ನ ರಹಸ್ಯದೀಕ್ಷೆಗೆ ಹೋಗುವವರು ಹಂದಿಮರಿಯನ್ನು ಎತ್ತಿಕೊಂಡು ಸಮುದ್ರಸ್ನಾನ ಮಾಡಿ ಬಂದು ಅದನ್ನು ಬಲಿ ಕೊಡುತ್ತಿದ್ದರು. ಯಾವ ಪ್ರಾಣಿ ಕಲೆಯನ್ನು ತೊಳೆಯುತ್ತಿತ್ತೋ ಅದೇ ಪ್ರಾಣಿಯ ಮಾಂಸ ಗ್ರೀಕ್ ಮಾತಾಡುವ ಯಹೂದಿಯ ಬಾಯಲ್ಲಿ ಕಲೆಯಾಯಿತು, ಅದೂ ಗ್ರೀಕರದೇ ಪದದಲ್ಲಿ. ಯಹೂದಿಗಳ ಹಳೆಯ ಗ್ರೀಕ್ ಗ್ರಂಥ ಮಕ್ಕಬಿಯರ ನಾಲ್ಕನೆಯ ಪುಸ್ತಕ ಬರೆದ ಆ ಹೆಸರಿಲ್ಲದ ಮನುಷ್ಯ ಸಾಮಾನ್ಯದವನಲ್ಲ. ದೊರೆಯ ನುಡಿಯಿಂದಲೇ ಒಂದು ಕಲ್ಲು ಆರಿಸಿ ದೊರೆಯ ಮುಖಕ್ಕೆ ಹೊಡೆದಿದ್ದಾನೆ.

ಪ್ರಸಂಗ ನಿನಗೆ ಗೊತ್ತೇ ಇದೆ. ಕ್ರಿ.ಪೂ. 167ರ ಸುಮಾರು. ಸಿರಿಯಾದ ಗ್ರೀಕ್ ದೊರೆ ನಾಲ್ಕನೆಯ ಅಂತಿಯೋಕಸ್ ಯಹೂದಿಗಳ ಧರ್ಮಾಚರಣೆಗೇ ನಿಷೇಧ ಹೇರಿದ್ದಾನೆ, ಜೆರುಸಲೇಮಿನ ದೇವಾಲಯ ಒಲಿಂಪಿಯನ್ ಜೀಯಸ್‌ನ ಹೆಸರಿಗೆ ಹೋಗಿದೆ. ಎಲಿಯಾಜರನೆಂಬ ಹಿರಿಯನನ್ನು ಎಳೆತಂದು ಹಂದಿಮಾಂಸ ತಿನ್ನು ಎನ್ನುತ್ತಾರೆ. ಒಲ್ಲೆ ಎನ್ನುತ್ತಾನೆ, ಸಾಯುತ್ತಾನೆ. ಅವನ ಹಿಂದೆ ಏಳು ಜನ ಅಣ್ಣತಮ್ಮಂದಿರು, ಅವರ ತಾಯಿ.

ನಾಲ್ಕನೆಯ ಪುಸ್ತಕದ 5ನೆಯ ಅಧ್ಯಾಯದಲ್ಲಿ ರಾಜ ಮುದುಕನಿಗೆ ಬುದ್ಧಿ ಹೇಳುತ್ತಾನಲ್ಲ, ಅಲ್ಲಿ ಅವನು ಆಡುವ ಪದ ನೋಡಿದೆಯಾ? ಮಿಯರೊಫಗಿಯಾ ಅಲ್ಲ. 'ಸಾರ್ಕೊಫಗಿಯಾ', ಮಾಂಸದ ಊಟ. ಪ್ರಕೃತಿಯೇ ಕೊಟ್ಟಿರುವ ಇಷ್ಟು ಚೆಂದದ ಮಾಂಸಕ್ಕೆ ಯಾಕಯ್ಯ ಹೇಸುತ್ತೀ ಎಂದು ಕೇಳುತ್ತಾನೆ. ಅವನಿಗೆ ಅದು ಬರೀ ಊಟ, ರುಚಿಯ ಮಾತು. ಮಿಯರೊಫಗಿಯಾ ಎಂಬುದು ಮುದುಕನ ಪದ, ಕತೆ ಹೇಳುವವನ ಪದ. ಒಂದೇ ತಟ್ಟೆ, ಒಂದೇ ತುತ್ತು, ಹೆಸರು ಎರಡು. ನಿನ್ನ ಕತೆಯಲ್ಲಿ ರಾಜನೂ "ಈ ಮಿಯರೊಫಗಿಯಾ ಮಾಡು" ಎಂದು ಅಪ್ಪಣೆ ಕೊಡುತ್ತಾನೆ. ತನ್ನ ಊಟವನ್ನು ಯಾವ ರಾಜ ಕಲೆ ಅಂತ ಕರೆದಾನು? ಅಲ್ಲಿಗೆ ನಿನ್ನ ರಾಜ ಸತ್ತ.

(ಸಾರ್ಕೊಫಗಿಯಾ ಎಂದಾಗ ನೆನಪಾಯಿತು. ಟ್ರಾಯ್ ಸೀಮೆಯ ಅಸ್ಸೋಸ್ ಎಂಬಲ್ಲಿ 'ಮಾಂಸ ತಿನ್ನುವ ಕಲ್ಲು' ಸಿಗುತ್ತದೆಂದೂ, ಅದರ ಪೆಟ್ಟಿಗೆಯಲ್ಲಿಟ್ಟ ಹೆಣ 40 ದಿನದಲ್ಲಿ ಕರಗಿ ಹಲ್ಲು ಮಾತ್ರ ಉಳಿಯುತ್ತದೆಂದೂ ರೋಮಿನ ಪ್ಲಿನಿ ಬರೆದಿದ್ದಾನೆ. ಕಲ್ಲಿನ ಶವಪೆಟ್ಟಿಗೆಗೆ ಸಾರ್ಕೊಫೇಗಸ್ ಎಂಬ ಹೆಸರು ಬಂದದ್ದು ಹೀಗೆ. ಹಲ್ಲಿನ ವಿಷಯಕ್ಕೆ ಮತ್ತೆ ಬರುತ್ತೇನೆ.)

ಮುದುಕನ ಉತ್ತರದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ ಮಾತು. ನಮ್ಮ ಧರ್ಮ ಕೆಡಿಸುವುದಷ್ಟೇ ನಿನಗೆ ಸಾಲದು, ನಾವು ಇದನ್ನು ತಿನ್ನುವುದನ್ನು ನೋಡಿ ನಗಬೇಕು, ಅದಕ್ಕೇ ಈ ಬಲವಂತ, ಇದು ದಬ್ಬಾಳಿಕೆ ಎನ್ನುತ್ತಾನೆ. ನಗುವುದು! ಅಲ್ಲಿದೆ ನೋಡು. ಕಲೆ ಮಾಂಸದಲ್ಲಿಲ್ಲ, ತಿನ್ನಿಸಿ ನೋಡುವವನ ಮುಖದಲ್ಲಿದೆ. ನಾಲ್ಕು ಪುಟದ ಹಿಂಸೆಯಲ್ಲಿ ನಿನ್ನ ರಾಜ ಒಂದು ಸಲವೂ ನಗಲಿಲ್ಲ, ಬರೀ ಕಿರುಚಿದ.

ಇನ್ನು ಕನ್ನಡಕ್ಕೆ ಬರುತ್ತೇನೆ. ನೀನು ಕೊಟ್ಟ ಪಟ್ಟಿಯಲ್ಲಿ 'ಅಶುದ್ಧಾಹಾರ ಸೇವನೆ' ಮೊದಲಿದೆ. ಅದನ್ನು ಓದಿದರೆ ವಾಂತಿಭೇದಿ ಹರಡಿದ ಊರಿನಲ್ಲಿ ಆರೋಗ್ಯ ಇಲಾಖೆಯವರು ಗೋಡೆಗೆ ಅಂಟಿಸಿದ ಚೀಟಿ ನೆನಪಾಗುತ್ತದೆ. ಹೊಡೆದುಹಾಕು. 'ಅಭಕ್ಷ್ಯಭಕ್ಷಣ' ಮೇಲುನೋಟಕ್ಕೆ ಸರಿಸಾಟಿ, ಎರಡು ಪದದ ಗಟ್ಟಿ ಸಮಾಸ. ನಾನೂ ಒಂದು ಕಾಲಕ್ಕೆ ಒಂದು ಅನುವಾದದಲ್ಲಿ ಅದನ್ನೇ ಬಳಸಿ ಬೀಗಿದ್ದೆ. ಮೊಳೆ ಜೋಡಿಸುತ್ತಿದ್ದ ಹಿರಿಯರು ಕರಡಚ್ಚು ಕೊಡುತ್ತ, "ಅಮ್ಮಾ, ಇವನಿಗೆ ಪ್ರಾಯಶ್ಚಿತ್ತ ಎಷ್ಟು ದಿನದ್ದು?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿ ಕೇಳಿದರು. ಅವರ ಕಿವಿಗೆ ಅದು ಧರ್ಮಶಾಸ್ತ್ರದ ಬಾಬತ್ತು. ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಅಣಬೆ, ಊರಹಂದಿ, ಊರಕೋಳಿ ಎಲ್ಲ ಒಂದೇ ಪಟ್ಟಿಯಲ್ಲಿವೆ, ತಿಂದರೆ ಇಂತಿಂಥ ವ್ರತ ಎಂದೂ ಇದೆ. ಆ ಪದದಲ್ಲಿ ತಪ್ಪಿದೆ, ದಂಡವಿದೆ. ರಕ್ತದ ಕಲೆಯಿಲ್ಲ, ನೋಡಿ ನಗುವವನೂ ಇಲ್ಲ.

'ಮೈಲಿಗೆ' ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀಯ. ಆ ಅನುಮಾನ ನಿನ್ನನ್ನು ಕಾಪಾಡಿತು. ನನ್ನ ಅಜ್ಜಿಯ ಮನೆಯಲ್ಲಿ ಮಡಿಬಟ್ಟೆಗೆ ಬೇರೆ ಗಳು, ಮುಸುರೆಗೆ ಬೇರೆ ಜಾಗ, ಎಂಜಲಿಗೆ ಬೇರೆ ಲೆಕ್ಕ. ಅದೇ ಮನೆಯ ಹಿತ್ತಲಲ್ಲಿ ತೋಟದ ಆಳುಗಳಿಗೆ ತೆಂಗಿನ ಗರಟೆಯಲ್ಲಿ ಕಾಫಿ, ಅದೂ ಮೇಲಿನಿಂದ ಹೊಯ್ಯುವುದು. ನಮ್ಮಲ್ಲಿ ಮೈಲಿಗೆ ಎಂಬ ಮಾತು ಊಟಕ್ಕಿಂತ ಹೆಚ್ಚಾಗಿ ಮನುಷ್ಯರ ಮೇಲೆ ಬಿದ್ದಿದೆ, ಜಗಲಿಯ ಮೇಲಿಂದ ಅಂಗಳಕ್ಕೆ. 12ನೆಯ ಶತಮಾನದ ಶರಣರ ದಾರಿಯಲ್ಲಿ ಪಂಚಸೂತಕಗಳನ್ನು ತಳ್ಳಿಹಾಕಿದಾಗ ಜಾತಿಯ ಸೂತಕ, ಎಂಜಲಿನ ಸೂತಕ ಎರಡೂ ಅದರಲ್ಲಿ ಒಟ್ಟಿಗೇ ಹೋದದ್ದು ಸುಮ್ಮನೆ ಅಲ್ಲ. ಎಲಿಯಾಜರನದು ಇದರ ತದ್ವಿರುದ್ಧ ದಿಕ್ಕು: ಕೆಳಗೆ ಬಿದ್ದವನು ಸಿಂಹಾಸನದ ಊಟಕ್ಕೆ ಕೊಟ್ಟ ಹೆಸರು ಅದು. ನೀನು ಮೈಲಿಗೆ ಎಂದ ಕೂಡಲೇ ಕನ್ನಡದ ಓದುಗನ ಕಣ್ಣಿಗೆ ಆ ಮುದುಕ ಮಡಿ ಹಾರುವ ಶಾನುಭೋಗಜ್ಜನಾಗಿ ಕಾಣುತ್ತಾನೆ, ರಾಜ ಸುಧಾರಕನಾಗಿ ಕಾಣುತ್ತಾನೆ. ಕತೆ ತಲೆಕೆಳಗಾಯಿತು. 'ಹೊಲೆ'ಯ ಗೊಡವೆಗಂತೂ ಹೋಗಲೇಬೇಡ. ಅದರ ಬೆನ್ನಿಗೆ ಒಂದು ಜನದ ಮೇಲೆ ಹೊರಿಸಿದ ಹೆಸರು ನಿಂತಿದೆ.

ಇನ್ನೊಂದು. 'ಹಂದಿಯ ಅಸಹ್ಯ ಮಾಂಸ' ಎಂದು ನಿನ್ನ ನಿರೂಪಕ ಬರೆಯುತ್ತಾನೆ. ಯಾರಿಗೆ ಅಸಹ್ಯ? ಕೊಡಗಿನ ಮನೆಯಲ್ಲಿ ಕಾಚಂಪುಳಿ ಹಾಕಿದ ಪಂದಿ ಕರಿ ಇಲ್ಲದೆ ಹಬ್ಬವಿಲ್ಲ, ಹಂದಿ ಅಡುಗೆಯಿಲ್ಲದೆ ಮಂಗಳೂರಿನ ಕ್ರೈಸ್ತರ ಮದುವೆಯೂ ಇಲ್ಲ. ಅಲ್ಲಿನ ಓದುಗರಿಗೆ ನಿನ್ನ ಸಾಲು ಓದಿ ಬಾಯಲ್ಲಿ ನೀರೂರಿದರೆ ಅದು ಅವರ ತಪ್ಪಲ್ಲ. ಮಾಂಸವನ್ನು ಮಾಂಸ ಅನ್ನು. ಬೇಕಾದರೆ ಘಮಘಮಿಸಲಿ. ಘಮಘಮಿಸುವುದನ್ನು ಒಲ್ಲೆ ಅನ್ನುವುದೇ ಕಷ್ಟ.

ಹಾಗಾದರೆ ಪದ ಯಾವುದು? ನನ್ನ ಕೇಳಿದರೆ ನಾಮಪದವೇ ಬೇಡ. ನಮ್ಮಲ್ಲಿ 'ಸೇರು' ಎಂಬ ಪುಟ್ಟ ಕ್ರಿಯಾಪದ ಇದೆ. "ನಂಗೆ ಹಾಗಲಕಾಯಿ ಸೇರಲ್ಲ" ಅಂತೀವಿ, "ಈ ಮನೆ ನಮಗೆ ಸೇರಿದ್ದು" ಅಂತಲೂ ಅಂತೀವಿ. ಮುದುಕ ಅಷ್ಟೇ ಹೇಳಲಿ: "ಇದು ನಮಗೆ ಸೇರೋದಲ್ಲ." ರಾಜ ಅದನ್ನು ನಾಲಿಗೆಯ ಮಾತೆಂದುಕೊಳ್ಳುತ್ತಾನೆ, ಎಷ್ಟು ರುಚಿಯಾಗಿದೆ ತಿಂದು ನೋಡು ಎಂದು ಒತ್ತಾಯಿಸುತ್ತಾನೆ. ಮುದುಕ ಹೇಳಿದ್ದು ಬೇರೆಯೇ. ಒಂದು ಮಾತು ಎರಡು ಕಿವಿಯಲ್ಲಿ ಎರಡಾಗುವುದು ನಿನ್ನ ಕತೆಗೆ ಬೇಕಾದದ್ದು. ಶೀರ್ಷಿಕೆ ಬೇಕೇಬೇಕೆಂದರೆ 'ಸೇರದ ತುತ್ತು' ಎಂದು ಇಟ್ಟು ನೋಡು. ಒಪ್ಪದಿದ್ದರೆ ಬಿಡು, ನನಗೇನೂ ಬೇಜಾರಿಲ್ಲ.

ಗ್ರೀಕ್ ಪದವನ್ನು ಉಳಿಸಿಕೊಳ್ಳುವ ಹಟವಿದ್ದರೆ ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯ ತೆಗೆದು ನೋಡು. ಅಲ್ಲಿ 'ಕೊಯ್ನೊಸ್' ಎಂಬ ಪದ ಬರುತ್ತದೆ. ಗ್ರೀಕರಿಗೆ ಅದು 'ಹತ್ತು ಜನಕ್ಕೆ ಸೇರಿದ್ದು, ಸಾಮಾನ್ಯವಾದದ್ದು' ಎಂದಷ್ಟೇ. ಯಹೂದಿಗಳ ಗ್ರೀಕಿನಲ್ಲಿ 'ಮುಟ್ಟಬಾರದ್ದು, ತಿನ್ನಬಾರದ್ದು' ಎಂದಾಗಿತ್ತು. ಮಾರ್ಕ್ ಯೇಸುವಿನ ಶಿಷ್ಯರ 'ಕೊಯ್ನೊಸ್' ಕೈಗಳು ಎಂದು ಬರೆದು, ಅಂದರೆ ತೊಳೆಯದ ಕೈಗಳು ಎಂದು ಅಲ್ಲೇ ಸೇರಿಸುತ್ತಾನೆ. ಒಂದೇ ಸಲ, ಎರಡೇ ಮಾತು. ಆಮೇಲೆ ಕತೆ ನಡೆಯುತ್ತದೆ. ನೀನು ಅರ್ಧ ಪುಟ ಪಾಠ ಮಾಡಿದ್ದೀಯ.

ಈಗ ಆ ಮೂರನೆಯ ಪುಟ. ನಾಲ್ಕನೆಯ ಪುಸ್ತಕವನ್ನು ಮಾತ್ರ ನಂಬಿ ಬರೆದಿದ್ದೀಯ ಎಂದು ಗೊತ್ತಾಗುತ್ತದೆ. ಆ ಲೇಖಕ ದೊಡ್ಡ ವಾಗ್ಮಿ. ಭಕ್ತಿಯುಳ್ಳ ವಿವೇಕ ಭಾವೋದ್ರೇಕಗಳನ್ನು ಆಳಬಲ್ಲದೆ ಎಂಬ ತತ್ವಪ್ರಶ್ನೆ ಎತ್ತಿಕೊಂಡು ಆ ಸಾವುಗಳನ್ನು ಸಾಕ್ಷಿಗೆ ಕರೆದವನು. ವಾದ ಗೆಲ್ಲಬೇಕು, ಅದಕ್ಕೇ ಹಿಂಸೆ ಜಾಸ್ತಿ, ಹೊಗಳಿಕೆ ಇನ್ನೂ ಜಾಸ್ತಿ. ನಿನ್ನ ಪವಿತ್ರ ಹಲ್ಲುಗಳನ್ನು ನೀನು ಕಲೆ ಮಾಡಿಕೊಳ್ಳಲಿಲ್ಲ ಎಂದು ಮುದುಕನನ್ನು ಕೊಂಡಾಡುತ್ತಾನೆ. ಪವಿತ್ರ ಹಲ್ಲು! ಮೊದಲ ಸಲ ಓದಿದಾಗ ನಕ್ಕುಬಿಟ್ಟೆ. ತೊಂಬತ್ತರ ಮುದುಕನಿಗೆ ಎಷ್ಟು ಹಲ್ಲು ಉಳಿದಿದ್ದವೋ.

ತೊಂಬತ್ತು ಎಂಬ ವಯಸ್ಸು ಸಿಗುವುದು ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ. ಅದು ಹಳೆಯದು. ಸಿರೀನಿನ ಜೇಸನ್ ಎಂಬವನ ಐದು ಪುಸ್ತಕಗಳನ್ನು ಒಂದಕ್ಕೆ ಇಳಿಸಿದ ಸಂಗ್ರಹ. ಹೀಗೆ ಇಳಿಸುವುದು ಸುಲಭವಲ್ಲ, ಬೆವರಿನ ಮತ್ತು ನಿದ್ದೆಗೆಡುವ ಕೆಲಸ ಎಂದು ಸಂಗ್ರಹಕಾರನೇ ಮೊದಲಲ್ಲಿ ಹೇಳಿಕೊಂಡಿದ್ದಾನೆ. ಆ ಸಾಲನ್ನು ನಿನ್ನ ಮೇಜಿನ ಎದುರು ಅಂಟಿಸಿಕೋ. ಎಲಿಯಾಜರನ ಇಡೀ ಕತೆ ಅಲ್ಲಿ 6ನೆಯ ಅಧ್ಯಾಯದ ಹದಿನಾಲ್ಕು ವಚನಗಳಲ್ಲಿ ಮುಗಿಯುತ್ತದೆ. ಅಲ್ಲಿ ಪವಿತ್ರ ಹಲ್ಲಿಲ್ಲ. ಬಾಯನ್ನು ಬಲವಂತವಾಗಿ ತೆರೆಸಿದರು, ಅವನು ಉಗುಳಿ, ತಾನಾಗಿ ಶಿಕ್ಷೆಯ ಮರದ ಕಡೆ ನಡೆದ. ಉಗುಳಿದ! ಅಂದರೆ ಮಾಂಸ ಬಾಯೊಳಗೆ ಹೋಗಿತ್ತು. ನಾಲ್ಕನೆಯ ಪುಸ್ತಕದ ಲೇಖಕ ಆಮೇಲೆ ಬಂದು ಆ ಬಾಯನ್ನು ತೊಳೆದು ಒರೆಸಿ ಪಟದಲ್ಲಿ ಕೂರಿಸಿದ. ನೀನು ಆ ಪಟವನ್ನು ನೋಡಿ ಬರೆದೆ. ನನಗಾದರೋ ಆ ಉಗುಳು ಬೇಕು. ನಾಲಿಗೆಗೆ ಉಪ್ಪು ತಾಗಿತ್ತೇ, ಮಾಂಸ ಬಿಸಿಯಿತ್ತೇ, ಗಡ್ಡದ ಮೇಲೆ ಜಿಡ್ಡು ಇಳಿಯಿತೇ? ಮಿಯಾಯ್ನೋ ಎಂದರೆ ಹತ್ತಿಕೊಳ್ಳುವುದು ಎಂದು ಆಗಲೇ ಹೇಳಿದೆನಲ್ಲ, ಆ ಜಿಡ್ಡನ್ನು ಸರಿಯಾಗಿ ಬರೆದರೆ ನಿನಗೆ ಆ ಪದವೇ ಬೇಕಾಗುವುದಿಲ್ಲ.

ಮುಖ್ಯವಾದ ಮನುಷ್ಯನನ್ನೇ ನೀನು ಬಿಟ್ಟಿದ್ದೀಯ. ಆ ಬಲಿಯೂಟದ ಉಸ್ತುವಾರಿಯವರಲ್ಲಿ ಕೆಲವರಿಗೆ ಎಲಿಯಾಜರ ಬಹಳ ವರ್ಷಗಳ ಪರಿಚಯ. ಅವನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳುತ್ತಾರೆ: ನಿನಗೆ ಸಲ್ಲುವ ಮಾಂಸವನ್ನೇ ನೀನು ಸಿದ್ಧಮಾಡಿ ತರಿಸಿಕೋ, ರಾಜ ಹೇಳಿದ್ದನ್ನೇ ತಿಂದಂತೆ ನಟಿಸು, ಜೀವ ಉಳಿಯುತ್ತದೆ. ಎಂಥ ಸಲಹೆ! ಧರ್ಮವೂ ಕೆಡಲಿಲ್ಲ, ಹೊಟ್ಟೆಯೂ ಕೆಡಲಿಲ್ಲ. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ, ಸುಳ್ಳೇಕೆ ಹೇಳಲಿ. ಅವನು ಒಪ್ಪುವುದಿಲ್ಲ. ತೊಂಬತ್ತು ವರ್ಷದ ಎಲಿಯಾಜರನೂ ಪರಧರ್ಮಕ್ಕೆ ಹೋದ ಎಂದು ಹುಡುಗರು ತಿಳಿದುಕೊಂಡಾರು, ಉಳಿದ ನಾಲ್ಕು ದಿನದ ಬಾಳಿಗಾಗಿ ಅವರ ದಾರಿ ತಪ್ಪಿಸಲೇ ಎನ್ನುತ್ತಾನೆ. ಅಲ್ಲಿಗೆ ಶುದ್ಧ ಮಾಂಸವೂ ಮಿಯರೊಸ್ ಆಯಿತು ನೋಡು! ಪುಸ್ತಕ ಹಾಗೆಂದು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಅದರ ಮುಂದಿನ ಮಾತು ಇನ್ನೂ ಚುರುಕು. ಸ್ವಲ್ಪ ಹೊತ್ತಿಗೆ ಮುಂಚೆ ಅವನ ಮೇಲೆ ಕನಿಕರ ಇಟ್ಟಿದ್ದವರೇ ಈಗ ಹಗೆಗಳಾದರು, ಅವನ ಮಾತು ಹುಚ್ಚೆಂದು ಅವರಿಗೆ ಅನ್ನಿಸಿತು ಎಂದು ಪುಸ್ತಕ ಹೇಳುತ್ತದೆ. ಕನಿಕರ ಹಗೆಯಾಗುವ ಆ ಗಳಿಗೆಯನ್ನು ಆ ಸಂಗ್ರಹಕಾರ ಒಂದು ವಾಕ್ಯದಲ್ಲಿ ದಾಟಿಬಿಟ್ಟಿದ್ದಾನೆ. ಎರಡು ಸಾವಿರ ವರ್ಷದಿಂದ ಅದು ನಿನ್ನಂಥವನಿಗಾಗಿ ಖಾಲಿ ಬಿದ್ದಿದೆ. ಹಳೆಯ ಗೆಳೆಯ, ಈಗ ರಾಜನ ಸಂಬಳದವನು. ತಲೆ ಹೋಗುವ ಅಪಾಯ ಮೈಮೇಲೆ ಎಳೆದುಕೊಂಡು ಉಪಾಯ ಹೇಳಿದ. ಮುದುಕ ಅದನ್ನು ನಿರಾಕರಿಸಿದ್ದಷ್ಟೇ ಅಲ್ಲ, ಆ ಉಪಾಯ ನೀಚವೆಂದು ಹತ್ತು ಜನರೆದುರು ಕಾಣಿಸಿಬಿಟ್ಟ. ಗೆಳೆಯನಿಗೆ ಉರಿಯದೆ ಇದ್ದೀತೆ? ಅವನ ಹೆಗಲ ಹಿಂದೆ ನಿಂತು ಕತೆ ಹೇಳು. ಸುಲಿಯುವವರ ಹಿಂದೆ ನಿಲ್ಲಬೇಡ.

ಅರಿಸ್ಟಾಟಲ್ ಕೂಡ ಇಲ್ಲಿ ಸಹಾಯಕ್ಕೆ ಬರುತ್ತಾನೆ. ಕಾವ್ಯಮೀಮಾಂಸೆಯ 13ನೆಯ ಅಧ್ಯಾಯದಲ್ಲಿ ಅವನು ಹೇಳುವುದಿದು: ಒಳ್ಳೆಯವನು ಸುಖದಿಂದ ದುಃಖಕ್ಕೆ ಬೀಳುವುದನ್ನು ಬರೀ ತೋರಿಸಿದರೆ ಭಯವೂ ಹುಟ್ಟದು, ಮರುಕವೂ ಹುಟ್ಟದು, ಅದು 'ಮಿಯರೊನ್'. ಅದೇ ಪದ! ನೋಡುವವನಿಗೇ ಕಲೆ ಮೆತ್ತಿದಂತೆ ಹೇಸಿಗೆ. ಊಟ ಮುಗಿಸಿ ನಿನ್ನ ಕತೆ ಓದಿದ ದಿನ ನನಗಾದದ್ದು ಅದು. ಮುದುಕನನ್ನು ಹಿಂಸೆಗೆ ಗುರಿಯಾದ ಮೈ ಮಾಡಿದರೆ ಕತೆ ಮಿಯರೊನ್ ಆಗುತ್ತದೆ. ಗೆಳೆಯನ ಉಪಾಯದ ಎದುರು ಅವನನ್ನು ಒಂದು ಗಳಿಗೆ ನಿಲ್ಲಿಸು, ಒಪ್ಪಬಹುದಾಗಿತ್ತು ಎಂದು ನಮಗೆ ಅನ್ನಿಸಲಿ, ಮಿಕ್ಕದ್ದು ತಾನಾಗಿ ಬರುತ್ತದೆ.

ಆದ್ದರಿಂದ ಮೂರರಿಂದ ಆರನೆಯ ಪುಟದವರೆಗಿನದನ್ನು ತೆಗೆದಿಡು. ಹರಿಯಬೇಡ, ಬೇರೆ ಲಕೋಟೆಯಲ್ಲಿಡು, ಸ್ವಲ್ಪ ದಿನ ಹೊಟ್ಟೆ ಉರಿಯುತ್ತದೆ. ಏಳು ಅಣ್ಣತಮ್ಮಂದಿರನ್ನೂ ತಾಯಿಯನ್ನೂ ಈ ಕತೆಯೊಳಗೆ ತರಬೇಡ. ಅವರದು ಇನ್ನೊಂದು ಕತೆ, ಅದನ್ನು ಬರೆಯಲು ನಿನಗಿನ್ನೂ ವಯಸ್ಸಾಗಬೇಕು.

ಮಳೆ ಹಿಡಿದಿದೆ ಇಲ್ಲಿ. ಅಡಕೆ ಮರಕ್ಕೆ ಕೊಟ್ಟೆ ಕಟ್ಟಿಸುವುದು ಬಾಕಿ ಇದೆ, ಆಳುಗಳು ಸಿಗುತ್ತಿಲ್ಲ. ಹೊಸ ಪ್ರತಿ ಸಿದ್ಧವಾದಾಗ ಕಳಿಸು, ಅವಸರವಿಲ್ಲ. ಒಂದು ವಿಷಯ ಮಾತ್ರ ಮೊದಲೇ ಯೋಚಿಸಿಟ್ಟುಕೋ. ಆ ಗುಟ್ಟಿನ ಪಾತ್ರೆಯಲ್ಲಿ ಯಾವ ಮಾಂಸ ಎಂದು ಎರಡು ಪುಸ್ತಕವೂ ಹೇಳುವುದಿಲ್ಲ. ಕುರಿಯದೋ, ಆಡಿನದೋ, ಯಾರ ಮನೆಯ ಒಲೆಯ ಮೇಲೆ ಬೇಯಿಸಿದ್ದೋ, ಬೇಯಿಸಿದವಳಿಗೆ ಯಾರಿಗೆಂದು ಗೊತ್ತಿತ್ತೋ ಇಲ್ಲವೋ, ಮುದುಕ ಒಲ್ಲೆ ಎಂದ ಮೇಲೆ ಅದನ್ನು ಯಾರು ತಿಂದರೋ.

ನಿನ್ನ ಅಕ್ಕ